ಕರೆಂಟ್ ಬ್ರಷ್ಷೂ ಗೋದಕ್ಕನ ಬೆರಳೂ

ಹಲ್ಲಿನ ದವಾಖಾನೆಯಲ್ಲಿ ಇಡೀ ಆಯುಷ್ಯ ದುಡಿದವನು ಎಂದು ಯಾರಾದರೂ ನನ್ನನ್ನು ಪರಿಚಯಿಸಿದರೆ ಎದುರಿಗಿದ್ದವರು ತಟ್ಟನೆ ಬಾಯಿ ಮುಚ್ಚಿಕೊಳ್ಳುತ್ತಾರೆ, ಇಲ್ಲವೆ ಪೂರ್ತಿ ತೆರೆದು ತೋರಿಸುತ್ತಾರೆ. ಎರಡನೆಯ ಜಾತಿಯವರೇ ಹೆಚ್ಚು. ಮದುವೆ ಮನೆಯಲ್ಲಿ ಹೋಳಿಗೆ ಬಡಿಸಿಕೊಂಡು ಕೂತಾಗಲೂ ನಾನು ಪರರ ದವಡೆ ನೋಡಿದ್ದೇನೆ. ಈಗ ನಿವೃತ್ತನಾಗಿ ಬಹಳ ವರ್ಷವಾಯಿತು. ಆದರೂ ಜನ ಬಿಟ್ಟಿಲ್ಲ.

ಮೊನ್ನೆ ಹೊಸದಾಗಿ ಹಲ್ಲಿನ ಕೋರ್ಸ್ ಮುಗಿಸಿದ ಮೂವರು ಮನೆಗೆ ಬಂದಿದ್ದರು. ಪೇಟೆಯಲ್ಲಿ ಸಿಗುವ ಕರೆಂಟ್ ಬ್ರಷ್ಷುಗಳಲ್ಲಿ ರೋಗಿಗಳಿಗೆ ಯಾವುದನ್ನು ಆರಿಸಿ ಹೇಳಬೇಕು, ಹೇಗೆ ಹಿಡಿಯಲು ಕಲಿಸಬೇಕು ಎಂದು ಕೇಳಿದರು. ಮುದುಕನ ಮರ್ಯಾದೆಗೆ ಕೇಳಿದ್ದು ಎಂದು ನನಗೆ ಗೊತ್ತು. ಆದರೂ ಉತ್ತರ ಬರೆಯುತ್ತಿದ್ದೇನೆ, ಏಕೆಂದರೆ ಶಿರಸಿಯಲ್ಲಿ ಮೊದಲ ಕರೆಂಟ್ ಬ್ರಷ್ ಹಿಡಿದು ಜನರಿಗೆ ಪಾಠ ಹೇಳಿದ ಮೂರ್ಖ ನಾನೇ. ಆ ಪಾಠದ ದೆಸೆಯಿಂದ ವಜ್ರಳ್ಳಿಯ ಗೋದಕ್ಕ ಎಂಬ ಹೆಂಗಸಿನ ಕೆನ್ನೆಯೊಳಗೆ ಬೆಳೆಯುತ್ತಿದ್ದ ಗಂಟು ಎರಡು ತಿಂಗಳು ಯಾರ ಕಣ್ಣಿಗೂ ಬೀಳದೆ ಹೋಯಿತು. ಅದನ್ನು ಹೇಳದೆ ಬ್ರಷ್ಷಿನ ಮಾತು ಆಡಿದರೆ ನನ್ನ ಬಾಯಿಗೇ ಹುಳ ಬೀಳಬೇಕು.

ನಾನು ಬನವಾಸಿ ಕಡೆಯವನು. ಅಪ್ಪನದು ಕಿರಾಣಿ ಅಂಗಡಿ. ಮೆಟ್ರಿಕ್ಕಿನಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ, ಇಸವಿ ಐವತ್ತೆಂಟರಲ್ಲಿ, ಶಿರಸಿಯ ಹಲ್ಲಿನ ಡಾಕ್ಟರ ಹತ್ತಿರ ಸೇರಿದೆ. ಡಾಕ್ಟರು ಕರಾವಳಿಯವರು, ಮುಂಬಯಿಯಲ್ಲಿ ಓದಿದವರು. ಆ ಎರಡನೆಯ ಸಂಗತಿಯನ್ನು ದಿನಕ್ಕೆ ನಾಲ್ಕು ಸಲವಾದರೂ ನೆನಪಿಸುತ್ತಿದ್ದರು. ಆಗ ಹಲ್ಲು ಕೊರೆಯುವ ಯಂತ್ರಕ್ಕೆ ಮೋಟಾರು ಇರಲಿಲ್ಲ, ಹೊಲಿಗೆ ಯಂತ್ರದ ಹಾಗೆ ಕಾಲಿನಿಂದ ತುಳಿಯಬೇಕು. ತುಳಿಯುವವನು ನಾನು. ಹಾಗಾಗಿ ನನ್ನ ಮೊದಲ ಹುದ್ದೆ ಮೋಟಾರಿನದು. ಒಮ್ಮೆ ತುಳಿಯುತ್ತ ತುಳಿಯುತ್ತ ಜೊಂಪು ಹತ್ತಿ ಕಾಲು ನಿಂತುಹೋಯಿತು. ಕೊರೆಯುವ ಮೊನೆ ಯಲ್ಲಾಪುರದ ಮಾಸ್ತರೊಬ್ಬರ ದವಡೆಯಲ್ಲಿ ಸಿಕ್ಕಿಕೊಂಡಿತು. ಡಾಕ್ಟರು ಬೈದದ್ದು ಮಾಸ್ತರಿಗೆ, ಬಾಯಿ ಸರಿಯಾಗಿ ತೆರೆಯಲಿಲ್ಲ ಅಂತ. ದವಾಖಾನೆಯ ತಪ್ಪು ಹೇಗೆ ಇಳಿಜಾರು ಹುಡುಕಿ ಹರಿಯುತ್ತದೆ ಎಂದು ನಾನು ಕಲಿತದ್ದು ಆ ದಿನ. ಮುಂದೆ ಕಟ್ಟುಹಲ್ಲು ಮಾಡುವುದನ್ನೂ ಕಲಿತೆ, ಸಂಬಳವೂ ಏರಿತು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಡಾಕ್ಟರಿಗೆ ಊರನ್ನು ಉದ್ಧಾರ ಮಾಡುವ ಚಟ ಇತ್ತು. ವರ್ಷಕ್ಕೊಮ್ಮೆ ಕಾರಿನ ಡಿಕ್ಕಿಯಲ್ಲಿ ಬ್ರಷ್ಷು ತುಂಬಿಕೊಂಡು ಹಳ್ಳಿಗಳಿಗೆ ಹೊರಡುತ್ತಿದ್ದರು. ಸಿದ್ದಾಪುರದ ಒಂದು ಶಾಲೆಯಲ್ಲಿ ಅರ್ಧ ಗಂಟೆ ಭಾಷಣವಾಯಿತು. ಕೊನೆಗೆ ಹಿಂದಿನ ಬೆಂಚಿನಲ್ಲಿ ಕೂತ ಹಿರಿಯರೊಬ್ಬರು ಎದ್ದರು.

"ನಾವು ಮಾವಿನೆಲೆಲಿ ತಿಕ್ಕತ್ಯ, ಬಿಸಾಕತ್ಯ. ಮುಗತ್ತು. ನಿಮ್ಮ ಈ ಕುಂಚ ನಿನ್ನೆ ಎಂಜಲು, ಮೊನ್ನೆ ಎಂಜಲು ಎಲ್ಲಾ ಹೊತ್ಕಂಡು ಗೂಟಕ್ಕೆ ನೇತಾಡ್ತು. ಅದ್ನ ಮತ್ತೆ ಬಾಯಿಗೆ ಹಾಕ್ಯಳವನ?" ಎಂದರು.

ಬಿಸಿನೀರಿನಲ್ಲಿ ತೊಳೆಯಿರಿ, ಮೂರು ತಿಂಗಳಿಗೆ ಬದಲಿಸಿ ಎಂದು ಡಾಕ್ಟರು ಹೇಳಿದ್ದರೆ ಸಾಕಿತ್ತು. ಅವರು ನಕ್ಕು, ವಾಪಸು ಬರುವಾಗ ಕಾರಿನಲ್ಲಿ "ಜಂಗ್ಲಿ ಜನ" ಎಂದರು. ನಾನೂ ನಕ್ಕೆ, ಸಂಬಳ ಕೊಡುವವರು ನಕ್ಕರೆ ಮುಖ ತಾನಾಗಿ ಅರಳುತ್ತದೆ. ಪೇಟೆಯಲ್ಲಿ ಬ್ರಷ್ಷು ಕೊಂಡವರ ಬುದ್ಧಿಯೂ ಅಷ್ಟರಲ್ಲೇ ಇತ್ತು. ಪೊರಕೆ ಆರಿಸುವ ಹಾಗೆ ಹೆಬ್ಬೆರಳಿನಿಂದ ಕೂದಲು ಎಳೆದು ನೋಡಿ, ಚುಚ್ಚಿದರೆ ಒಳ್ಳೆಯ ಮಾಲು ಎನ್ನುತ್ತಿದ್ದರು. ಅದರಲ್ಲಿ ಗಸಗಸ ತಿಕ್ಕಿ ಒಸಡು ಕಿತ್ತುಕೊಂಡು ನಮ್ಮಲ್ಲಿಗೇ ಬರುತ್ತಿದ್ದರು. ಅರಬೈಲಿನಲ್ಲಿ ಧರ್ಮಕ್ಕೆ ಹಂಚಿದ ಬ್ರಷ್ಷೊಂದು ಮುಂದಿನ ವಾರ ಲಾರಿ ಡ್ರೈವರನ ಕೈಯಲ್ಲಿ ಇಂಜಿನ್ನಿನ ಪ್ಲಗ್ಗು ತಿಕ್ಕುತ್ತಿದ್ದುದನ್ನು ಕಣ್ಣಾರೆ ಕಂಡೆ. ನಾವು ಹಂಚಿದ್ದರಲ್ಲಿ ಸರಿಯಾಗಿ ಉಪಯೋಗಕ್ಕೆ ಬಂದದ್ದು ಬಹುಶಃ ಅದೊಂದೇ.

ಅರವತ್ತೈದರ ಆಚೀಚೆ ಇರಬೇಕು, ಡಾಕ್ಟರ ಭಾವ ಹಡಗಿನ ನೌಕರಿಯಿಂದ ರಜೆಗೆ ಬಂದವನು ಯಾವುದೋ ದೇಶದಿಂದ ಒಂದು ಪೆಟ್ಟಿಗೆ ತಂದ. ಒಳಗೆ ಬಿಳಿಯ ಹಿಡಿಕೆ, ಅದಕ್ಕೊಂದು ಉದ್ದನೆಯ ವಾಯರು, ಜೊತೆಗೆ ಕೆಂಪು, ನೀಲಿ, ಹಳದಿ, ಹಸಿರು ಬಣ್ಣದ ನಾಲ್ಕು ಪುಟ್ಟ ಕುಂಚ. ಮನೆಯಲ್ಲಿ ನಾಲ್ವರು ಇದ್ದರೆ ಒಬ್ಬೊಬ್ಬರಿಗೆ ಒಂದು ಬಣ್ಣ, ಹಿಡಿಕೆ ಮಾತ್ರ ಎಲ್ಲರಿಗೂ ಒಂದೇ. ಗುಂಡಿ ಒತ್ತಿದರೆ ಜೇನುಹುಳದ ಹಾಗೆ ಗುಂಯ್ ಎನ್ನುತ್ತಿತ್ತು. ಡಾಕ್ಟರು ಅದಕ್ಕೆ ಕುಂಕುಮ ಹಚ್ಚಿಸಿ, ಕಾಯಿ ಒಡೆಸಿ ದವಾಖಾನೆಯ ಮೇಜಿನ ಮೇಲೆ ಇಟ್ಟರು. ಪೆಟ್ಟಿಗೆಯಲ್ಲಿದ್ದ ಇಂಗ್ಲಿಷ್ ಚೀಟಿಯನ್ನು ನನಗೆ ಬಾಯಿಪಾಠ ಮಾಡಿಸಿದರು. ಒತ್ತಬಾರದು, ತಿಕ್ಕಬಾರದು, ಹಲ್ಲಿನಿಂದ ಹಲ್ಲಿಗೆ ಮೆಲ್ಲಗೆ ಜರುಗಿಸಬೇಕು, ಎರಡು ನಿಮಿಷ ಸಾಕು, ಮೊದಮೊದಲು ರಕ್ತ ಬಂದರೆ ಹೆದರಬಾರದು. ಎರಡು ಸಲ ಮೆಟ್ರಿಕ್ ಫೇಲಾದವನು ಇದನ್ನು ಮಾತ್ರ ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದೆ.

ಇದನ್ನು ಕಂಡು ಮರುಳಾದವರು ಪೇಟೆಯ ವಕೀಲ ಹೆಗಡೆಯವರು. ಭಾವನ ಮುಂದಿನ ರಜೆಗೆ ಅವರಿಗೂ ಒಂದು ಬಂತು. ವಕೀಲರಿಗೆ ಕೆಂಪು, ಹೆಂಡತಿಗೆ ನೀಲಿ, ಹೆರಿಗೆಗೆ ಬಂದಿದ್ದ ಮಗಳಿಗೆ ಹಳದಿ. ಹಸಿರು ಉಳಿಯಿತು. ಆ ಹಸಿರು ಯಾರ ಪಾಲಿಗೆ ಬಂತು ಎಂಬುದೇ ಈ ಕಥೆ.

ಮಗಳ ಬಾಣಂತನಕ್ಕೆ ವಕೀಲರ ಅಕ್ಕ ಗೋದಾವರಿ ವಜ್ರಳ್ಳಿಯಿಂದ ಬಂದಿದ್ದರು. ಎಲ್ಲರ ಬಾಯಲ್ಲಿ ಗೋದಕ್ಕ. ಐವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಹೊಗೆಸೊಪ್ಪು ಹಾಕಿದ ಎಲೆಅಡಿಕೆಯ ಕವಳ ಅವರ ಬಾಯಲ್ಲಿ ಯಾವಾಗಲೂ ಇರುತ್ತಿತ್ತು. ಬೆಳಿಗ್ಗೆ ಇದ್ದಿಲ ಪುಡಿಗೆ ಉಪ್ಪು ಬೆರೆಸಿ ತೋರುಬೆರಳಿನಲ್ಲಿ ಹಲ್ಲು, ಒಸಡು, ಕೆನ್ನೆಯ ಒಳಮೈ ಎಲ್ಲವನ್ನೂ ಪಾತ್ರೆ ತಿಕ್ಕಿದ ಹಾಗೆ ತಿಕ್ಕುವುದು ರೂಢಿ. ಬಂದು ಎರಡು ವಾರಕ್ಕೆ ಒಬ್ಬರೇ ದವಾಖಾನೆಗೆ ನಡೆದು ಬಂದರು.

"ತಮಾ, ಇಲ್ಲೊಂದು ಎಂತದೋ ಗಟ್ಟಿ ಇದ್ದು" ಎಂದು ಎಡಗೆನ್ನೆ ಮುಟ್ಟಿ ತೋರಿಸಿದರು. "ಅಕ್ಕಿಕಾಳಿನಷ್ಟು. ತಿಕ್ಕುವಾಗ ಬೆರಳಿಗೆ ಸಿಗ್ತು. ನೋವು ಎಂತದೂ ಇಲ್ಲೆ."

ಡಾಕ್ಟರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಕನ್ನಡಿ ಹಾಕಿ ನೋಡಿದರು. ನೋಡಿದ್ದು ಹಲ್ಲನ್ನು. ಕವಳದಿಂದ ಕಪ್ಪಾದ ಹಲ್ಲು ಕಂಡದ್ದೇ ತಡ, ಅವರಿಗೆ ಬೇರೇನೂ ಕಾಣಿಸಲಿಲ್ಲ.

"ಮನೆಯಲ್ಲಿ ಮಶೀನು ಇಟ್ಕೊಂಡು ಬಾಯಿಗೆ ಬೆರಳು ಹಾಕ್ತೀರಲ್ಲ, ಏನು ಹೇಳೋದು? ಉಗುರು ತಾಗಿ ತಾಗಿ ಚರ್ಮ ದಪ್ಪ ಆಗಿದೆ. ಕವಳ ಬಿಡಿ, ಬೆರಳು ಬಿಡಿ. ಬಸಪ್ಪ, ಇವರಿಗೆ ಮಶೀನು ಹಿಡಿಯೋದು ಕಲಿಸು" ಎಂದು ಕೈ ತೊಳೆದುಕೊಂಡರು.

ಕವಳ ಬಿಡಿ ಎಂದದ್ದು ಸರಿಯೇ. ಉಳಿದದ್ದೆಲ್ಲ ಮುಂಬಯಿಯ ಜಂಬ. ಆದರೆ ನಾನು ಡಾಕ್ಟರನ್ನು ಹಳಿದು ಜಾರಿಕೊಳ್ಳುವ ಹಾಗಿಲ್ಲ. ಪಾಠ ಹೇಳಿದವನು ನಾನು. ದವಾಖಾನೆಯ ಯಂತ್ರ ಎತ್ತಿ ಗುಂಯ್ ಎನ್ನಿಸಿ ಚೀಟಿಯ ಪಾಠ ಒಪ್ಪಿಸಿದೆ. ಗೋದಕ್ಕ ತಾಳ್ಮೆಯಿಂದ ಕೇಳಿ, "ಕರೆಂಟಿಗೆ ಬಾಯೊಳಗೆ ಎಂತ ಇದ್ದು ಹೇಳಿ ಗೊತ್ತಾಗ್ತನ?" ಎಂದರು.

"ಅದಕ್ಕ ಗೊತ್ತಾಗೂದು ಬ್ಯಾಡ್ರಿ ಅಕ್ಕಾರ, ಸ್ವಚ್ಛ ಮಾಡಿದ್ರ ಸಾಕು" ಎಂದೆ. ಬಹಳ ಜಾಣ ಉತ್ತರ ಕೊಟ್ಟೆನೆಂದು ಡಾಕ್ಟರ ಕಡೆ ನೋಡಿದೆ. ಅವರು ಮೆಚ್ಚಿ ತಲೆಯಾಡಿಸಿದರು.

ಅಷ್ಟಕ್ಕೇ ಬಿಡಲಿಲ್ಲ. ಇನ್ನು ಬಾಯಿಗೆ ಬೆರಳು ಹಾಕುವುದಿಲ್ಲ ಎಂದು ಅವರಿಂದ ಮಾತು ತೆಗೆದುಕೊಂಡೆ. ಮಾತು ಕೊಟ್ಟರೆ ತಪ್ಪುವ ಹೆಂಗಸಲ್ಲ ಅವರು. ಮರುದಿನದಿಂದ ಹಸಿರು ಕುಂಚ ಹಿಡಿದರು, ಬೆರಳು ನಿಂತಿತು. ಆ ಬಾಯಿಯನ್ನು ದಿನವೂ ಮುಟ್ಟಿ ನೋಡುತ್ತಿದ್ದ ಒಬ್ಬನೇ ಒಬ್ಬ ಡಾಕ್ಟರೆಂದರೆ ಆ ಬೆರಳು. ಅದನ್ನು ಕೆಲಸದಿಂದ ತೆಗೆದವನು ನಾನು.

ನಾಲ್ಕೈದು ವಾರ ಕಳೆದಿರಬೇಕು. ವಕೀಲರ ಮನೆಯ ಮುಂದೆ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಗೋದಕ್ಕ ಹೆಗಲ ಮೇಲೆ ಶಿಶುವನ್ನು ಹಾಕಿಕೊಂಡು ಬೇಲಿ ದಾಟುವ ದಣಪೆಯ ಹತ್ತಿರ ನಿಂತಿದ್ದರು. ನನ್ನನ್ನು ಕರೆದು, "ತಮಾ, ಆ ಹಸಿರು ಕುಂಚ ದಿನಾ ಕೆಂಪಾಗ್ತು" ಎಂದರು.

ಸೈಕಲ್ಲಿನಿಂದ ಇಳಿಯಲೂ ಇಲ್ಲ ನಾನು. ಒಂದು ಕಾಲು ನೆಲಕ್ಕೆ ಊರಿ, "ಮೊದಮೊದಲು ಬರ್ತದ್ರಿ. ಒಸಡು ಗಟ್ಟಿಯಾದ ಮ್ಯಾಲೆ ನಿಲ್ತದ" ಎಂದೆ. ಚೀಟಿಯಲ್ಲಿ ಹಾಗೇ ಇತ್ತಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವನ ಬುದ್ಧಿ ನನ್ನದು. ಬಾಯಿ ತೆರೆಯಿರಿ ಅಂತ ಒಂದು ಮಾತು ಹೇಳಲಿಲ್ಲ. ಬೀದಿಯಲ್ಲಿ ಬೇಡದವರೆಲ್ಲ ನನಗೆ ಬಾಯಿ ತೆರೆದು ತೋರಿಸುತ್ತಿದ್ದರು, ಬೇಕಾದವರೊಬ್ಬರು ಎದುರು ನಿಂತಾಗ ನಾನು ನೋಡಲಿಲ್ಲ.

ಆ ಯಂತ್ರ ಇನ್ನೂ ಆರು ತಿಂಗಳು ನಡೆದಿದ್ದರೆ ಏನಾಗುತ್ತಿತ್ತೋ. ಅದನ್ನು ಕೊಂದದ್ದು ಮಡಿ. ವಕೀಲರ ಮನೆಯಲ್ಲಿ ತಂದೆಯ ಶ್ರಾದ್ಧ ಬಂತು. ಅಡುಗೆಗೆ ಗೋದಕ್ಕನೇ ನಿಲ್ಲಬೇಕು. ಕುಂಚವೇನೋ ತನ್ನದೇ, ಆದರೆ ಹಿಡಿಕೆಯನ್ನು ಮೂವರು ಎಂಜಲು ಕೈಯಲ್ಲಿ ಹಿಡಿದದ್ದು. ದಿನಾ ಒಂದು ಚೊಂಬು ನೀರು ಸುರಿದು ಸಮಾಧಾನ ಮಾಡಿಕೊಳ್ಳುತ್ತಿದ್ದವರಿಗೆ ಶ್ರಾದ್ಧದ ದಿನ ಅದು ಸಾಲದೆನಿಸಿತು. ವಾಯರು ಕಿತ್ತು, ಇಡೀ ಹಿಡಿಕೆಯನ್ನು ಮಡಿನೀರಿನ ಕೊಡದಲ್ಲಿ ಮೂರು ಸಲ ಮುಳುಗಿಸಿ ಎತ್ತಿದರು. ಮರುದಿನ ಗುಂಡಿ ಒತ್ತಿದರೆ ಯಂತ್ರ ಉಸಿರೆತ್ತಲಿಲ್ಲ.

ವಕೀಲರು ಅದನ್ನು ಪಂಚೆಯಲ್ಲಿ ಸುತ್ತಿಕೊಂಡು ದವಾಖಾನೆಗೆ ತಂದರು. "ಸ್ನಾನ ಮಾಡ್ಸಿದ್ದು ಮಾರಾಯ, ಅಕ್ಕ ಇದಕ್ಕೆ. ಜನಿವಾರ ಒಂದು ಹಾಕುಲೆ ಬಾಕಿ" ಎಂದು ಮೇಜಿನ ಮೇಲಿಟ್ಟರು. ತಿರುಪು ಬಿಚ್ಚಿದರೆ ಒಳಗಿನಿಂದ ನೀರು ಸುರಿಯಿತು. ಡಾಕ್ಟರೂ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾಲ್ಕು ದಿನ ಬಂದ ರೋಗಿಗಳಿಗೆಲ್ಲ ಅದೇ ಕಥೆ. ಹಲ್ಲು ಕೀಳಿಸಿಕೊಂಡು ಹತ್ತಿ ಕಚ್ಚಿಕೊಂಡವರೂ ನಕ್ಕರು.

ನಾವು ಹೀಗೆ ನಗುತ್ತಿದ್ದಾಗ ಗೋದಕ್ಕ ಇದ್ದಿಲ ಪುಡಿಗೆ ಮರಳಿದ್ದರು. ಐದನೆಯ ದಿನ ಬಂದರು. ಡಾಕ್ಟರು ಕುಮಟೆಗೆ ಹೋಗಿದ್ದರು, ದವಾಖಾನೆಯಲ್ಲಿ ನಾನೊಬ್ಬನೇ ಕಟ್ಟುಹಲ್ಲಿಗೆ ಮೇಣ ಕಾಯಿಸುತ್ತ ಕೂತಿದ್ದೆ. ಮಡಿಯ ಕಥೆಯನ್ನು ಅವರ ಬಾಯಿಂದಲೇ ಕೇಳುವ ಆಸೆಯಿಂದ, "ಬರ್ರಿ ಅಕ್ಕಾರ, ಮಶೀನಿಗೆ ಸ್ನಾನ ಮಾಡಿಸಿದ್ರಂತಲ್ಲ" ಎಂದು ಹಲ್ಲು ಕಿರಿದೆ.

ಅವರು ನಗಲಿಲ್ಲ. "ಆನು ಮಾತು ಕೊಟ್ಟಿದ್ದಿ, ಹೌದು. ಮಶೀನು ಸತ್ತೋತು, ಮಾತೂ ಅದರ ಸಂಗಡ ಹೋತು. ಈಗ ಬೆರಳು ಹಾಕಿರೆ ಅಡಿಕೆ ಹೋಳಿನಷ್ಟು ಇದ್ದು, ತಮಾ. ಆವಾಗ ಅಕ್ಕಿಕಾಳು."

ನಾನು ಕನ್ನಡಿ ಎತ್ತಿಕೊಂಡೆ.

"ಕನ್ನಡಿ ಬೇಡ. ಬೆರಳು ಹಾಕು."

ಸಾಬೂನು ಹಚ್ಚಿ ಕೈ ತೊಳೆದು ಬೆರಳು ಹಾಕಿದೆ. ಏಳೆಂಟು ವರ್ಷದ ಚಾಕರಿಯಲ್ಲಿ ನಾನು ಯಾರ ಕೆನ್ನೆಯನ್ನೂ ಒಳಗಿನಿಂದ ಮುಟ್ಟಿರಲಿಲ್ಲ. ಹಲ್ಲು ಮಾತ್ರ ನಮ್ಮದು, ಬಾಯಿಯ ಉಳಿದ ಭಾಗ ಬೇರೆ ಯಾರದೋ ಎಂಬ ಭಾವನೆ. ಮೆತ್ತಗಿನ ಕೆನ್ನೆಯ ನಡುವೆ ಗಂಟು ಸಿಕ್ಕಿತು. ಗಟ್ಟಿ, ಅಂಚು ಒರಟು, ಬೆರಳಿನಿಂದ ತಳ್ಳಿದರೆ ಜರುಗುತ್ತಿರಲಿಲ್ಲ. ಬೆರಳು ತೆಗೆದಾಗ ತುದಿಯಲ್ಲಿ ರಕ್ತ ಇತ್ತು. ಹೊಗೆಸೊಪ್ಪು ಹಾಕುವವರ ಬಾಯಿಯ ಇಂಥ ಗಂಟಿನ ಚಿತ್ರ ಡಾಕ್ಟರ ಪುಸ್ತಕದಲ್ಲಿತ್ತು. ನಾನು ಆ ಪುಸ್ತಕದ ಧೂಳು ಹೊಡೆಯುವಾಗ ನೋಡಿದ್ದೆ.

"ಎಂತ ಅದು?" ಎಂದರು ಗೋದಕ್ಕ.

"ಹುಬ್ಬಳ್ಳಿ ದೊಡ್ಡಾಸ್ಪತ್ರಿಯವರು ನೋಡ್ಲಿ ಅಕ್ಕಾರ. ನಾಳೆನ ಹೋಗ್ರಿ."

"ಹೇಳದು ಬೇಡ ಬಿಡು. ನಿನ್ನ ಮೋರೆ ನೋಡಿರೇ ಗೊತ್ತಾಗ್ತು" ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡರು.

ನಾನು ಡಾಕ್ಟರ ಹೆಸರು ಅಚ್ಚಾದ ಕಾಗದದಲ್ಲಿ ಎರಡು ಸಾಲು ಗೀಚಿ, ವಕೀಲರ ಮನೆಗೆ ಹೋಗಿ ಕೊಟ್ಟುಬಂದೆ. ಮರುದಿನ ಡಾಕ್ಟರು ಬಂದವರೇ ಕೆಂಡಾಮಂಡಲವಾದರು. "ನನ್ನ ಕಾಗದದ ಮೇಲೆ ಬರೆಯಲಿಕ್ಕೆ ನೀನು ಯಾರು?" ಎಂದರು. ಬೈದು ಮುಗಿಸಿದ ಮೇಲೆ ದನಿ ತಗ್ಗಿಸಿ ಕೇಳಿದ್ದು ಒಂದೇ ಪ್ರಶ್ನೆ: "ಮೊದಲು ಇಲ್ಲಿ ಬಂದಿದ್ದೆ ಅಂತ ಅವರು ಅಲ್ಲಿ ಹೇಳ್ತಾರಾ?" ಗಂಟು ಎಷ್ಟು ದೊಡ್ಡದಿತ್ತು ಅಂತ ಕೇಳಲಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಬರುವವರೇ, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ಬ್ರಷ್ಷು ಕರೆಂಟಿನದಿರಲಿ, ಕೈಯದಿರಲಿ, ಕೂದಲು ಮೆತ್ತಗಿರಲಿ, ಕುಂಚ ಸಣ್ಣದಿರಲಿ. ಒತ್ತಬೇಡಿ ಎಂದು ಹೇಳಿ. ಆದರೆ ಅದನ್ನು ಕೊಡುವ ಮೊದಲು ಕೈ ತೊಳೆದು ಕೆನ್ನೆ, ನಾಲಿಗೆಯ ಅಡಿ, ಒಸಡಿನ ಸುತ್ತ ಒಂದು ಸಲ ಬೆರಳಾಡಿಸಿ. ರಕ್ತ ಬರುತ್ತದೆ ಎಂದವರಿಗೆ ಬಾಯಿ ನೋಡದೆ ಉತ್ತರ ಕೊಡಬೇಡಿ. ರೋಗಿ ನನಗೇನೋ ಸಿಗುತ್ತಿದೆ ಎಂದರೆ ಸಿಗುತ್ತಿದೆ ಎಂದೇ ಅರ್ಥ. ಇಷ್ಟನ್ನು ತಿಳಿಯಲು ಮುಂಬಯಿಗೆ ಹೋಗಬೇಕಾಗಿಲ್ಲ. ಮುಂಬಯಿಗೆ ಹೋಗಿ ಬಂದವರಿಗೆ ಇದು ತಿಳಿಯದಿದ್ದುದನ್ನು ನಾನು ಬಲ್ಲೆ.

ಹುಬ್ಬಳ್ಳಿಯಲ್ಲಿ ಗೋದಕ್ಕನ ಎಡಗೆನ್ನೆಯನ್ನೂ ದವಡೆಯ ಒಂದು ತುಂಡನ್ನೂ ತೆಗೆದರು. ಅಷ್ಟರಲ್ಲಿ ಅದು ಕುತ್ತಿಗೆಗೆ ಇಳಿದಿತ್ತು. ವಜ್ರಳ್ಳಿಗೆ ಕರೆದುಕೊಂಡು ಹೋದರು. ಗಂಜಿ ಬಿಟ್ಟರೆ ಬೇರೇನೂ ಹೋಗುತ್ತಿರಲಿಲ್ಲವಂತೆ, ಮಾತು ಮನೆಯವರಿಗೆ ಮಾತ್ರ ತಿಳಿಯುತ್ತಿತ್ತಂತೆ. ಇದೆಲ್ಲ ನಾನು ಅವರಿವರಿಂದ ಕೇಳಿದ್ದು. ಶಿರಸಿಯಿಂದ ಯಲ್ಲಾಪುರಕ್ಕೆ ದಿನಾ ಬಸ್ಸಿತ್ತು, ಅಲ್ಲಿಂದ ವಜ್ರಳ್ಳಿಗೂ ಇತ್ತು. ನಾನು ಹತ್ತಲಿಲ್ಲ. ದವಾಖಾನೆಯಲ್ಲಿ ಕೆಲಸ ಜಾಸ್ತಿ ಎಂದು ನನಗೆ ನಾನೇ ಹೇಳಿಕೊಂಡೆ. ಆ ವರ್ಷದ ಮಳೆಗಾಲ ಹಿಡಿಯುವ ಮೊದಲೇ ಗೋದಕ್ಕ ತೀರಿಕೊಂಡರು.

ಕರ್ಮಾಂತರವೆಲ್ಲ ಮುಗಿದ ಮೇಲೆ ವಕೀಲರು ಒಂದು ಮಧ್ಯಾಹ್ನ ದವಾಖಾನೆಗೆ ಬಂದರು. ಡಾಕ್ಟರು ಎದ್ದು ನಿಂತರು. ನಾನು ಕುರ್ಚಿಯೊಂದನ್ನು ವಕೀಲರತ್ತ ಎಳೆದೆ.

ವಕೀಲರು ಕುರ್ಚಿಯಲ್ಲಿ ಕೂತು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. "ಎರಡು ತಿಂಗಳು ಮೊದಲು ಬಂದಿದ್ರೆ ಉಳಿಸ್ಲಾಗಿತ್ತು, ಯಾಕೆ ಬಿಟ್ಟಿ ಅಂತ ಅಲ್ಲಿಯ ಡಾಕ್ಟ್ರು ಕೇಳಿದ್ರು" ಎಂದರು. "ಅದಕ್ಕೆ ಅಕ್ಕ ಎಂತ ಹೇಳ್ತು ಗೊತ್ತಿದ್ದ? ಶಿರಸಿ ಡಾಕ್ಟ್ರೂ ಆ ಬಸಪ್ಪನೂ ಮೊದಲು ತೋರಿಸಿದಾಗ್ಲೇ ಹುಬ್ಬಳ್ಳಿಗೆ ಹೋಗು ಅಂದಿದ್ರು, ಆನೇ ಬಾಣಂತಿ ಬಿಟ್ಟು ಬಪ್ಪಲಾಗ ಹೇಳಿ ಕೂತಿ, ಅಂತು. ಅದರ ಹಟ ಮೊದಲಿಂದ್ಲೂ ಹಂಗೇ. ನಿಮ್ಮ ಮಾತು ಕೇಳಲಿಲ್ಲ ಅದು. ನೀವು ಬೇಜಾರು ಮಾಡ್ಕಳಡಿ."

ಡಾಕ್ಟರು ಒಂದು ಕ್ಷಣ ನನ್ನ ಕಡೆ ನೋಡಿದರು. ಆಮೇಲೆ ವಕೀಲರ ಕಡೆ ತಿರುಗಿ, "ಹೌದು, ನಾವು ಹೇಳಿದ್ವಿ" ಎಂದರು.

ಗೋದಕ್ಕ ಹಾಗೆ ಯಾಕೆ ಹೇಳಿದರೋ ನನಗೆ ಇವತ್ತಿಗೂ ತಿಳಿಯದು. ನನ್ನ ಅನ್ನಕ್ಕೆ ಕಲ್ಲು ಬೀಳಬಾರದು ಎಂದಿರಬಹುದು. ಬದುಕಿದ್ದಾಗ ಹೋಗಿ ಕೇಳಬಹುದಿತ್ತು. ಆ ಮಧ್ಯಾಹ್ನ ವಕೀಲರ ಮುಂದೆ ನಿಜ ಹೇಳಲು ನನಗೆ ಸಮಯವೂ ಇತ್ತು, ಬಾಯಿಯೂ ಇತ್ತು. ನಾನು ಸುಮ್ಮನೆ ನಿಂತೆ. ಆಗ ನನಗೆ ದುಃಖವಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಹೊತ್ತ ಮೂಟೆ ಇಳಿಸಿದ ಹಾಗೆ ಹಗುರವಾಯಿತು. ಈ ಜನ್ಮದಲ್ಲಿ ನಾನು ಯಾರನ್ನಾದರೂ ಮನಸಾರೆ ತಿರಸ್ಕರಿಸಿದ್ದರೆ, ಆ ಹೊತ್ತಿನಲ್ಲಿ ಹಗುರಾದ ಆ ಬಸಪ್ಪನನ್ನು.

ವಕೀಲರು ಹೋದ ಮೇಲೆ ಡಾಕ್ಟರು ಎದುರಿನ ಹೋಟೆಲಿನಿಂದ ಎರಡು ಚಹಾ ತರಿಸಿದರು. ಅಷ್ಟು ವರ್ಷಗಳಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಚಹಾ ಕೊಟ್ಟದ್ದು ಅದೇ ಮೊದಲು. ಇಬ್ಬರೂ ಕುಡಿದೆವು. ಚಹಾ ರುಚಿಯಾಗಿತ್ತು.